ಬಾಗಿಲು ತಡೆಯುವ ಹಕ್ಕು

19 ನವೆಂಬರ್ 2007, ರೋಣ
ತಹಶೀಲ್ದಾರ ಕಚೇರಿ ಮುಂದೆ ಇವತ್ತು ಆರು ಅರ್ಜಿ ಟೈಪ್ ಮಾಡಿದೆ. ರಿಬ್ಬನ್ ಸವೆದಿದೆ, 'ಕ' ಸರಿಯಾಗಿ ಮೂಡುತ್ತಿಲ್ಲ. ಸಂಜೆ ಬಂದರೆ ವಾಸುದೇವ ಆಗಲೇ ಮನೆಯಲ್ಲಿ. ಬೀಜದ ಅಂಗಡಿಯಿಂದ ಇಷ್ಟು ಲಗೂ ಎಂದೂ ಬಿಡುವುದಿಲ್ಲ. ಚಹಾ ಕೊಟ್ಟೆ. ಕಪ್ ನೋಡುತ್ತಲೇ ಹೇಳಿದ. "ಜಕ್ಕಲಿಯಾಗ ಹುಡುಗಿ ನೋಡೇನಿ. ಮಾತು ಮುಗದೈತಿ."

ನಕ್ಕೆ. ಚೇಷ್ಟೆ ಅಂದುಕೊಂಡೆ.

ಒಂಬತ್ತು ವರ್ಷ ಇವನ ಜೊತೆ ಬಾಳಿದ್ದೇನೆ. ತಾಳಿ ಒಂದಿಲ್ಲ, ಅಷ್ಟೇ. "ಅವ್ವ ಇರೂತನಕ ಬ್ಯಾಡ, ಬ್ಯಾರೆ ಜಾತಿ ಅಂದ್ರ ಎದಿ ಒಡಕೋತಾಳ" ಅಂದಿದ್ದ. ಗಜೇಂದ್ರಗಡದ ಆ ಅವ್ವ, ಭೀಮಾಬಾಯಿ, ಅವನಿಗಿದ್ದ ಒಂದೇ ಬಳಗ, ಶ್ರಾವಣದಲ್ಲಿ ತೀರಿಕೊಂಡರು. ಇನ್ನು ನಮ್ಮ ಲಗ್ನ ಅಂದುಕೊಂಡಿದ್ದೆ... ಹುಚ್ಚಿ!

"ಲಗ್ನ ಆಗೂದ್ರೊಳಗ ನೀ ಬ್ಯಾರೆ ಮನಿ ನೋಡ್ಕೊ. ಬಾಡಗಿ ಕರಾರು ನನ್ನ ಹೆಸರಿಲೆ ಐತಿ."

22 ನವೆಂಬರ್
ರೊಟ್ಟಿ ಬಡಿದೆ, ಉಂಡ. ನಾಚಿಕೆಗೇಡಿ ಕೈ, ತಾನಾಗಿಯೇ ಅವನ ರೊಟ್ಟಿಗೆ ಬೆಣ್ಣೆ ಹಚ್ಚಿತು.

3 ಡಿಸೆಂಬರ್
ಮೆಹಬೂಬಸುಭಾನಿ ವಕೀಲರನ್ನು ಕಂಡೆ. ಅವರ ಕಾಗದ ಟೈಪ್ ಮಾಡುವವಳು ನಾನೇ. "ನನ್ನ ಗೆಳತಿಯೊಬ್ಬಳು..." ಎಂದು ಶುರು ಮಾಡಿ ಅತ್ತುಬಿಟ್ಟೆ. ಗೆಳತಿ ಯಾರೆಂದು ಅವರಿಗೆ ತಿಳಿಯಿತು.

ಹೊಸ ಕಾಯ್ದೆ ಬಂದಿದೆಯಂತೆ. ತಾಳಿ ಇಲ್ಲದಿದ್ದರೂ ಗಂಡ-ಹೆಂಡತಿಯ ಹಾಗೆ ಬಾಳಿದ್ದರೆ, ಇದ್ದ ಮನೆಯಿಂದ ಹೀಗೆ ಹೊರಗೆ ಹಾಕುವಂತಿಲ್ಲ. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

"ಕರಾರು ಪತ್ರ, ರೇಷನ್ ಕಾರ್ಡ್ ತರ್ರಿ," ಅಂದರು. "ಮನಿ ಮಾಲಕರು ಸಾಕ್ಷಿ ಹೇಳಿದ್ರಂತೂ ಭಾಳ ಚಲೋ."

ಬಸ್ ಸ್ಟ್ಯಾಂಡ್ ದಾಟಿದ ಮೇಲೆ ನೆನಪಾಯಿತು. ಕರಾರು ಪತ್ರ.

ಅದೇ ದಿನ, ಸಂಜೆ
ತೆಗೆದು ಓದಿದೆ. 1998. 'ಸದರಿ ಮನೆಯಲ್ಲಿ ನಾನು ಹಾಗೂ ನನ್ನ ತಂಗಿ ಕುಮಾರಿ ಅರ್ಚನಾ ವಾಸಿಸತಕ್ಕದ್ದು.' ಮಾಲೀಕರಾದ ಉಸ್ಮಾನಸಾಬರು ಲಗ್ನವಾಗದ ಜೋಡಿಗೆ ಮನೆ ಕೊಡುತ್ತಿರಲಿಲ್ಲ. ಹೆಂಡತಿ ಎಂದರೆ ತಾಳಿ ಎಲ್ಲಿ ಎನ್ನುತ್ತಾರೆ, ಸುದ್ದಿ ಗಜೇಂದ್ರಗಡ ಮುಟ್ಟುತ್ತದೆ. "ತಂಗಿ ಅಂತ ಟೈಪ್ ಹೊಡಿ" ಅಂದ. ಹೊಡೆದೆ. ರೇಷನ್ ಕಾರ್ಡಿನ ಅರ್ಜಿಯಲ್ಲೂ ಅದನ್ನೇ ಹೊಡೆದೆ. ಒಂದಕ್ಷರ ತಪ್ಪಿಲ್ಲ. ಎಂಥ ಚೊಕ್ಕ ಕೆಲಸ ನಂದು!

11 ಡಿಸೆಂಬರ್
ವಕೀಲರು ಎರಡು ಸಲ ಓದಿದರು. ಕನ್ನಡಕ ತೆಗೆದರು. "ತಂಗಿಗೂ ಈ ಕಾಯ್ದೆದಾಗ ಜಾಗಾ ಐತ್ರಿ. ಆದ್ರ ನೀವು ತಂಗಿ ಅಲ್ಲ."

ಹೆಂಡತಿ ಎನ್ನಲು ಕಾಗದವಿಲ್ಲ. ತಂಗಿ ಎನ್ನಲು ಕಾಗದವಿದೆ, ಅದು ಸುಳ್ಳು.

ಉಳಿದದ್ದು ಉಸ್ಮಾನಸಾಬರ ಸಾಕ್ಷಿ. ಪಕ್ಕದ ಮನೆಯೇ. ಧೈರ್ಯ ಮಾಡಿ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಜಕ್ಕಲಿಯವರು ವಿಚಾರ್ಸಾಕ ಬಂದಿದ್ರವಾ. ಅಲ್ಲಾನ ಆಣಿ, ಇಂಥಾ ಅಣ್ಣ-ತಂಗಿ ಈ ಓಣ್ಯಾಗ ಇಲ್ಲ ಅಂತ ಹೇಳೀನಿ." ಮುದುಕರ ಮುಖ ತುಂಬ ಹೆಮ್ಮೆ. ಆಣೆ ಬೇರೆ ಮಾಡಿದ್ದಾರೆ! "ಹೌದ್ರಿ ಚಾಚಾ" ಎಂದು ತಿರುಗಿ ಬಂದೆ.

20 ಜನವರಿ 2008
ನರಗುಂದಕ್ಕೆ ಹೋಗಿದ್ದೆ. ಅಣ್ಣ ಶ್ರೀಕೃಷ್ಣ — ಖರೇ ಅಣ್ಣ — ಹೊರಗೇ ನಿಲ್ಲಿಸಿ ಮಾತಾಡಿದ. "ಅಂದ ಹೋದಾಕಿ ಇಂದ ಯಾಕ ಬಂದಿ?" ನೀರು ಬೇಕೇ ಎಂದೂ ಕೇಳಲಿಲ್ಲ. ಮುಂದಿನ ಬಸ್ಸಿಗೇ ವಾಪಸ್.

9 ಫೆಬ್ರವರಿ
ಕೋಣೆ ಎಲ್ಲೂ ಸಿಕ್ಕಿಲ್ಲ. ಒಬ್ಬಳೇ ಎಂದ ಕೂಡಲೇ "ಆಮ್ಯಾಲೆ ಹೇಳತೇವ್ರಿ" ಅನ್ನುತ್ತಾರೆ.

ವಾಸುದೇವ ಈಗ ಬೇರೆ ರಾಗ. "ಲಗ್ನದ ದಿನಾ ಒಂದ ಇರು. ತಂಗಿ ಎಲ್ಲಿ ಅಂತ ಕೇಳತಾರ. ಮರದಿನಾ ಹೋಗು."

"ನಿನ್ನ ಮಾರಿ ಸುಡ್ಲಿ" ಅಂದೆ. ತಲೆ ತಗ್ಗಿಸಿ ನಿಂತ. ಆ ತಲೆ ನೇವರಿಸಬೇಕು ಅನಿಸಿತು. ಇನ್ನೂ ಪ್ರೀತಿಸುತ್ತೇನೆ. ಏನು ಮಾಡಲಿ...

18 ಫೆಬ್ರವರಿ, ಸಂಜೆ ಆರು
ಜಕ್ಕಲಿಯಲ್ಲಿ ಲಗ್ನ ಮುಗಿಸಿ ಬಂದರು. ನಾನು ಅಡುಗೆಮನೆಯಲ್ಲಿ ಅಡಗಿದ್ದೆ. ಉಸ್ಮಾನಸಾಬರ ಹೆಂಡತಿ ಮುಮತಾಜಬಿ ಬಂದು ಕೈ ಹಿಡಿದು ಎಳೆದರು. "ನಿಮ್ಮಾಗ ತಂಗಿ ಬಾಗ್ಲಾ ತಡೀತಾಳಲ್ಲ? ನಡಿ, ನಿಂದ್ರು. ಅದು ನಿನ್ನ ಹಕ್ಕ!"

ಹಕ್ಕು. ಕೋರ್ಟಿನ ಬಾಗಿಲಲ್ಲಿ ಸಿಗದದ್ದು.

ಹೊಸಿಲಲ್ಲಿ ಎರಡೂ ಕೈ ಚಾಚಿ ನಿಂತೆ. "ಹೆಸರು ಹೇಳಿ ಒಳಗ ಬರ್ರಿ." ಅವನು "ಅನಸೂಯಾ" ಅಂದ. ಅವಳು ನಾಚಿ "ವಾಸುದೇವ" ಅಂದಳು. ಓಣಿಯಲ್ಲಿ ನಾನು ಒಮ್ಮೆಯೂ ಹೇಳದ ಹೆಸರು. ನನಗೆ ಅವನು ಹೊರಗೆಲ್ಲ 'ಅಣ್ಣಾ'.

"ಏನ ಬೇಕ ಕೇಳವಾ," ಅಂದರು ಹೆಣ್ಣಿನ ಕಡೆಯ ಹಿರಿಯರು. "ಕೊಡದ ಅಂವಾ ಒಳಗ ಬರೂ ಹಂಗಿಲ್ಲ."

ತಂಗಿಯಂದಿರು ಸೀರೆ ಕೇಳುತ್ತಾರೆ. ಹುಟ್ಟುವ ಮಗಳನ್ನು ಸೊಸೆಯಾಗಿ ಕೇಳುತ್ತಾರೆ.

"ಈ ಮನಿ" ಅಂದೆ.

ವಾಸುದೇವನ ಮುಖ ಬಿಳಿಚಿತು. ಮಂದಿ ಘೊಳ್ಳೆಂದು ನಕ್ಕರು. ಅನಸೂಯಾ ನಗಲಿಲ್ಲ. ಬಗ್ಗಿ ನನ್ನ ಕಾಲು ಮುಟ್ಟಿದಳು. "ಇದು ನಿಮ್ಮ ಮನೀನ ಅಲ್ಲೇನ್ರೀ ಅಕ್ಕಾರ? ಎಲ್ಲಿಗೂ ಹೋಗಬ್ಯಾಡ್ರಿ."

ಆ ಮಾತು ಅವನ ಬಾಯಿಂದ ಬರಬೇಕಿತ್ತು. ಮೂರು ತಿಂಗಳಿಂದ ಕಾದಿದ್ದೆ. ಕೈ ಇಳಿಸಿದೆ. ಆರತಿ ಮಾಡಿದೆ. ಇಬ್ಬರೂ ಒಳಗೆ ಹೋದರು.

ಏಳೂವರೆ
ಬಟ್ಟೆ ಕಟ್ಟಿಟ್ಟಿದ್ದೇನೆ. ನಾಳೆ ಎಲ್ಲಿಗೆ, ಗೊತ್ತಿಲ್ಲ. ಮುಮತಾಜಬಿ ಒಳಗಿಂದ ಕೂಗುತ್ತಿದ್ದಾರೆ. "ಅರ್ಚನಾ, ಮದುಮಕ್ಕಳ ಹಾಸಿಗಿಗೆ ಚಲೋ ಚಾದರ ಎಲ್ಲೈತಿ?" ಎಲ್ಲಿದೆ ಎಂದು ನನಗಷ್ಟೇ ಗೊತ್ತು. ಕಪಾಟಿನ ಮೇಲಿನ ಖಾನೆಯಲ್ಲಿ, ನಮ್ಮ —