ಬೆಕ್ಕಿನ ಕೋಟಿಗೂ ಹೂಂ

ರೀ,

ಊಟ ಮುಚ್ಚಿಟ್ಟಿದ್ದೇನೆ. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಒಳಗೆ ತನ್ನಿ. ನಿನ್ನೆಯ ಹಾಗೆ ಬರೀ "ಹೂಂ" ಎಂದು ಕೂತುಬಿಡಬೇಡಿ.

ಹನ್ನೊಂದು ವರ್ಷದಿಂದ ನಾನು ಏನೇ ಹೇಳಿದರೂ ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದವರು ನೀವು. ಬೆಕ್ಕಿಗೆ ಕೋಟು ಹೊಲಿಯುತ್ತೇನೆ ಎಂದಾಗಲೂ ಅದೇ "ಹೂಂ".

ಇವತ್ತು ಬೆಳಿಗ್ಗೆ ನಾನು, "ಹೊಲಿಯೋಕೆ ಕೇಳಿರೋ ಆ ಮದುವೆ ಗಂಡಿನ ಕೋಟು ನನ್ನ ಕೈಲಾಗಲ್ಲ, ಬೇಡ ಅಂದ್ಬಿಡ್ತೀನಿ" ಅಂದೆ. ನೀವು ಪೇಪರ್ ಮಡಚಿಟ್ಟು, ಕನ್ನಡಕ ತೆಗೆದು, "ಇದನ್ನ ಮಾತ್ರ ನಾನು ಒಪ್ಪಲ್ಲ ಕಣೇ. ಬೆಕ್ಕಿನ ಕೋಟಲ್ಲಿ ಒಂದು ಸುಕ್ಕಾದ್ರೂ ಇತ್ತಾ?" ಅಂದಿರಿ.

ಟೇಪು ಕೊರಳಿಗೆ ಹಾಕಿಕೊಂಡು ಗಂಡಿನ ಅಳತೆ ತೆಗೆಯಲು ಹೊರಟಿದ್ದೇನೆ.

ಅಂದರೆ ಇಷ್ಟು ವರ್ಷವೂ ಎಲ್ಲ ಕೇಳಿಸಿಕೊಳ್ಳುತ್ತಿದ್ದಿರಿ, ಕಳ್ಳರು! ಇನ್ನು ಬಟ್ಟೆ ಒಳಗೆ ತರದೆ "ಕೇಳಿಸಲಿಲ್ಲ" ಅನ್ನುವ ಹಾಗಿಲ್ಲ.