ಬ್ರೆಡ್ ಬೇಯುವಷ್ಟು ಹೊತ್ತು

ಬುಧವಾರ, ಮಧ್ಯಾಹ್ನ
ಬೇಕರಿಯ ಮೇಲಿನ ಕೋಣೆಯಿಂದ

ನನ್ನ ಮುದ್ದು ಅಪ್ಪನಿಗೆ,

ಅಪ್ಪಾ, ಇವತ್ತು ಬೆಳಿಗ್ಗೆ ನಾನು ಯೇಸುವಿನ ಜೊತೆ ಜಗಳ ಆಡಿದೆ, ಅದೂ ಅತ್ತೆಯ ಎದುರಿಗೇ, ಗಂಟಲು ಬಿಟ್ಟು, ಮತ್ತು ಅದಾದಾಗಿನಿಂದ ನನಗೆ ಎಷ್ಟು ಖುಷಿಯಾಗಿದೆ ಎಂದರೆ ಕೈಗಂಟಿದ ಮೈದಾ ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ! ಕಾಗದದ ಮೇಲಿನ ಬಿಳಿ ಬೆರಳಚ್ಚು ಅದರದ್ದೇ. ನನ್ನ ಕನ್ನಡ ನೋಡಿ ನಗಬೇಡಿ, ಶಾಲೆಯಲ್ಲಿ ರಜೆಚೀಟಿಯನ್ನೂ ಇಂಗ್ಲಿಷಿನಲ್ಲೇ ಬರೆದವಳು ನಾನು. ನಿಮ್ಮ ಅಳಿಯ ಕ್ಷೇಮ. ನಾನೂ ಕ್ಷೇಮ, ಸ್ವಲ್ಪ ದಪ್ಪಗಾಗಿದ್ದೇನೆ. ಬೇಕರಿಯ ಸೊಸೆ ತೆಳ್ಳಗಿದ್ದರೆ ವ್ಯಾಪಾರಕ್ಕೇ ಅವಮಾನ ಎನ್ನುತ್ತಾರೆ ಇವರು. (ಇವರು! ಹೀಗೆ ಬರೆದಾಗಲೆಲ್ಲ ನನಗೇ ನಗು ಬರುತ್ತದೆ.)

ಮೊದಲು ಈ ಮನೆಯ ಪದ್ಧತಿ ಹೇಳಿಬಿಡುತ್ತೇನೆ. ಬೆಳಗಿನ ಮೊದಲ ಬ್ರೆಡ್ ಒಲೆಯೊಳಗೆ ಹೋದ ಕೂಡಲೇ ಅತ್ತೆ ಕಬ್ಬಿಣದ ಬಾಗಿಲು ಮುಚ್ಚಿ, ಏಪ್ರನ್ನಿಗೆ ಕೈ ಒರೆಸಿಕೊಂಡು, ಮೈದಾ ಮೂಟೆಯ ಮೇಲೆ ಕೂರುತ್ತಾರೆ. ಪಕ್ಕದ ಮೂಟೆಗಳ ಮೇಲೆ ಇವರು ಮತ್ತು ನಾನು. ದಿನಕ್ಕೊಬ್ಬರ ಸರದಿ. ಸರದಿಯವರು ಬೈಬಲಿನ ಸುವಾರ್ತೆಯ ಒಂದು ಭಾಗ ಓದಿ, ನಿನ್ನೆಯ ದಿನ ಯೇಸು ತಮಗೆ ಎಲ್ಲಿ ಸಿಕ್ಕಿದ, ಎಲ್ಲಿ ಸಿಗಲಿಲ್ಲ ಎಂದು ನೇರವಾಗಿ ಅವನಿಗೇ ಹೇಳಬೇಕು. ಎಲ್ಲೋ ಓದಿದ್ದು, ಯಾರೋ ಹೇಳಿದ್ದು ನಡೆಯುವುದಿಲ್ಲ. "ಬೇರೆ ಬೇಕರಿ ಮಾಲು ನಮ್ಮಲ್ಲಿ ಇಡಲ್ಲಮ್ಮ" ಎನ್ನುತ್ತಾರೆ ಅತ್ತೆ. ಬ್ರೆಡ್ಡಿನ ಪರಿಮಳ ಹದಕ್ಕೆ ಬಂತೋ, ನೀವು ಯಾವ ಮಾತಿನ ನಡುವೆ ಇದ್ದರೂ ಸರಿ, "ಆಮೆನ್" ಎಂದು ಎದ್ದುಬಿಡುತ್ತಾರೆ. ಒಮ್ಮೆ ಇವರು ತಮ್ಮ ಮುಂಗೋಪಕ್ಕೆ ಕ್ಷಮೆ ಕೇಳುತ್ತ ಅರ್ಧಕ್ಕೆ ಬಂದಿದ್ದಾಗ ಆಮೆನ್ ಬಿತ್ತಂತೆ. ಈಗ ನನ್ನ ಮೇಲೆ ರೇಗಿದಾಗಲೆಲ್ಲ, "ಇದು ಆ ಉಳಿದರ್ಧ ಕಣೇ" ಎಂದು ಜಾರಿಕೊಳ್ಳುತ್ತಾರೆ.

ಅತ್ತೆಯ ಸರದಿಯನ್ನು ನೀವು ಕೇಳಬೇಕು ಅಪ್ಪ! "ನೋಡಪ್ಪ ಯೇಸು, ನಿನ್ನೆ ಹಿಟ್ಟು ಕಲಸೋ ಮೆಷಿನ್ ಕೈ ಕೊಡ್ತು. ನಿನ್ನ ಮೇಲೆ ಕೂಗಾಡ್ದೆ. ಸಂಜೆ ಮೆಕ್ಯಾನಿಕ್‌ನ ಕಳಿಸ್ದೆ, ಉಪಕಾರ ಆಯ್ತು. ಆದ್ರೆ ಅದೇ ಮನುಷ್ಯನ್ನ ಬೆಳಿಗ್ಗೆನೇ ಕಳಿಸಿದ್ರೆ ನಿಂಗೇನು ನಷ್ಟ ಆಗ್ತಿತ್ತು?" ಹೀಗೆ ದಬಾಯಿಸಿದ ಬಾಯಲ್ಲೇ, ಕಣ್ಣು ಮುಚ್ಚಿ, ಮೆಲ್ಲಗೆ, "ನೀನಿಲ್ದೆ ನನ್ನ ಕೈಲಾಗಲ್ಲ" ಎನ್ನುತ್ತಾರೆ. ಅವನನ್ನು ಇಷ್ಟು ಹತ್ತಿರದಿಂದ ಬಲ್ಲವರನ್ನು ನಾನು ಕಂಡೇ ಇರಲಿಲ್ಲ.

ಇಂಥವರ ಮುಂದೆ ನನ್ನ ಮೊದಲ ಸರದಿ ಬಂತು. ನಿಮ್ಮ ಮಗಳು ಬಿಡುತ್ತಾಳೆಯೇ? ಶಾಲೆಯ ಚರ್ಚಾಸ್ಪರ್ಧೆಯಲ್ಲಿ ನಿಂತಂತೆ ಎದ್ದು ನಿಂತೆ. ಪೀಠಿಕೆ, ವಿವರಣೆ, ಉಪಸಂಹಾರ, ನಡುನಡುವೆ ಕೈ ಎತ್ತುವುದು, ಇಳಿಸುವುದು. ಇವರು ಕೆಮ್ಮಿದರು. ಪಾಪ, ಮನಸ್ಸು ಕರಗಿರಬೇಕು ಎಂದುಕೊಂಡೆ. ಮತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು ಬೇರೆ. ನಾನು ಇನ್ನೂ ಹುರುಪಿನಿಂದ ಮುಂದುವರಿಸಿದೆ. ಮುಗಿಸಿ ನೋಡಿದರೆ ಕೋಣೆ ತುಂಬ ಹೊಗೆ! ಒಲೆಯೊಳಗಿದ್ದ ಬ್ರೆಡ್ಡೆಲ್ಲ ಇದ್ದಿಲು. ಕೊಳ್ಳಲು ಬಂದವರನ್ನು ಇವರು, "ಇವತ್ತು ನಮ್ಮನೆಯವಳ ಪ್ರಸಂಗ ಇತ್ತು, ನಾಳೆ ಬನ್ನಿ" ಎಂದು ಸಾಗಹಾಕಿದರು. ಅವತ್ತಿನಿಂದ ನನ್ನ ಹೆಸರು ಬ್ಲ್ಯಾಕ್ ಫಾರೆಸ್ಟ್.

ನಾನು ಅಳುತ್ತ, ಆಮೆನ್ ಯಾಕೆ ಹೇಳಲಿಲ್ಲ ಅತ್ತೆ ಎಂದು ಕೇಳಿದೆ. "ಮೊದಲ್ನೇ ಸಲ ಬಾಯಿ ಬಿಟ್ಟಿದ್ದೀಯ, ಮಧ್ಯೆ ಹೇಗೆ ಬಾಗಿಲು ತೆಗೀಲಮ್ಮ? ಬ್ರೆಡ್ ನಾಳೆನೂ ಬೇಯುತ್ತೆ" ಎಂದರು. ಆಮೇಲೆ ಒಂದು ಚೂರಿನ ಸೀದ ಭಾಗವನ್ನು ಚಾಕುವಿನಿಂದ ಕೆರೆದು, ಬೆಣ್ಣೆ ಹಚ್ಚಿ ನನ್ನ ಕೈಗಿಟ್ಟು, "ಚೆನ್ನಾಗೇ ಹೇಳ್ದೆ. ನಿನ್ನ ಮಾತಲ್ಲಿ ಯೇಸು ಬಂದ, ಶಿಷ್ಯರೆಲ್ಲ ಬಂದ್ರು. ನೀನೊಬ್ಬಳೇ ಬರ್ಲಿಲ್ಲ ನೋಡು" ಎಂದರು.

ಅವರು ಹೇಳಿದ್ದು ನಿಜ ಅಪ್ಪ. ನಾನು ಬಂದೇ ಇರಲಿಲ್ಲ, ಬಹಳ ದಿನಗಳಿಂದ. ಅಮ್ಮ ಹೋದ ಮೇಲೆ ನಮ್ಮ ಮನೆಯ ಪ್ರಾರ್ಥನೆ ಹೇಗಿತ್ತು, ನೆನಪಿದೆಯಲ್ಲ? ನೀವು ಗಿಡಕ್ಕೆ ನೀರು ಹಾಕುತ್ತೇನೆಂದು ಬಾಲ್ಕನಿಗೆ ಹೋಗುತ್ತಿದ್ದಿರಿ. ನಾನು ಒಳಗೆ ಬಾಯಿಪಾಠದ ಇಂಗ್ಲಿಷ್ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಮನೆಯಲ್ಲಿ ಒಬ್ಬರಾದರೂ ಹೇಳುತ್ತಿರಲಿ ಎಂದಷ್ಟೆ. ಮದುವೆಯ ದಿನವೂ ಪಾದ್ರಿಗಳು ಪ್ರಾರ್ಥಿಸೋಣ ಎಂದ ತಕ್ಷಣ ನೀವು ಕಾರು ಬಂತಾ ನೋಡುತ್ತೇನೆಂದು ಹೊರಟಿರಿ. ನಾವು ಬಂದದ್ದೇ ಆ ಕಾರಿನಲ್ಲಿ ಅಪ್ಪ! ಮುಸುಕಿನೊಳಗೆ ನಗು ತಡೆದುಕೊಂಡೆ. ಆಮೇಲೆ ನಗು ಉಳಿಯಲಿಲ್ಲ.

ಎರಡನೆಯ ಸರದಿಗೆ ಹೆದರಿ ಎರಡೇ ಮಾತಿನಲ್ಲಿ ಮುಗಿಸಿದ್ದೆ. ಇವತ್ತು ಮೂರನೆಯದು. ಓದಬೇಕಾಗಿ ಬಂದ ಭಾಗ ಯಾವುದು ಗೊತ್ತಾ? ಕಾಯಿಲೆಯಿಂದ ತಮ್ಮ ತೀರಿಕೊಂಡ ಮೇಲೆ ತಡವಾಗಿ ಬಂದ ಯೇಸುವಿಗೆ ಅಕ್ಕ ಒಬ್ಬಳು ಎದುರು ಹೋಗಿ, ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಮುಖಕ್ಕೇ ಹೇಳುವ ಭಾಗ. ಪುಸ್ತಕ ಮುಚ್ಚಿ ಶುರು ಮಾಡಿದೆ. ನಿನ್ನೆ ಬಿಸಿ ಬನ್ ಒಂದನ್ನು ಮುರಿದು ಅಮ್ಮನಿಗೆ ಕೊಡಲು ತಿರುಗಿದೆ, ಅಲ್ಲಿ ಯಾರೂ ಇರಲಿಲ್ಲ ಎಂದೆ. ಊರಿಗೆಲ್ಲ ಔಷಧಿ ಕೊಟ್ಟ ನಮ್ಮಪ್ಪ ಮೆಡಿಕಲ್ ಶಾಪ್ ಮುಚ್ಚಿ, ಅಮ್ಮನ ಮಂಚದ ಪಕ್ಕ ಮೊಣಕಾಲೂರಿ ನಿನ್ನನ್ನು ಕರೆದರು, ನೀನು ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳಿದೆ. ಹೌದು ಅಪ್ಪ, ಹಾಗೇ ಕೇಳಿಬಿಟ್ಟೆ!

ಅತ್ತೆ ಹೌಹಾರಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ಸತ್ತ ಆ ತಮ್ಮನ್ನ ಮತ್ತೆ ಬದುಕಿಸ್ತೀನಿ ಅಂತ ಯೇಸುಗೆ ಗೊತ್ತಿತ್ತು. ಆದ್ರೂ ಮೊದ್ಲು ಅತ್ತ" ಎಂದರು, ಅಷ್ಟೇ. ಅಮ್ಮನ ಮಂಚದ ಹತ್ತಿರವೂ ಅತ್ತನಾ ಎಂದು ಕೇಳಿದೆ. "ಅವನನ್ನೇ ಕೇಳು, ನಾನೇನು ಅವನ ಮ್ಯಾನೇಜರಾ?" ಎಂದರು. ನಾನು ಮೂಗು ಒರೆಸಿಕೊಂಡು, ನನ್ನದು ಮುಗಿಯಿತು ಎಂದು ಏಳಹೋದೆ. "ಕೂತ್ಕೋ. ಬ್ರೆಡ್ ಇನ್ನೂ ಆಗಿಲ್ಲ" ಎಂದರು.

ಕೂತೆವು. ಒಲೆಯ ಬಾಗಿಲು ಟಿಕ್ ಟಿಕ್ ಎನ್ನುತ್ತಿತ್ತು. ಇವರು ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ಉತ್ತರ ಸಿಕ್ಕಿತು ಎಂದರೆ ಸುಳ್ಳಾಗುತ್ತದೆ. ಆದರೆ ಒಂದು ಮಾತು ನಿಜ, ಆಣೆ ಮಾಡಿ ಬೇಕಾದರೆ ಹೇಳುತ್ತೇನೆ: ಅಷ್ಟೆಲ್ಲ ಬೈಸಿಕೊಂಡವನು ಎದ್ದು ಹೋಗಲಿಲ್ಲ. ನಮ್ಮ ಜೊತೆಗೇ ಕೂತಿದ್ದ. ಬ್ರೆಡ್ಡಿನ ಪರಿಮಳ ಮೆಲ್ಲಗೆ ಏರಿತು, ಅತ್ತೆ ಆಮೆನ್ ಎಂದರು, ಬಾಗಿಲು ತೆರೆದರು. ಎಂಥ ಹೊಂಬಣ್ಣ ಅಪ್ಪ! ಎಷ್ಟು ಒಳ್ಳೆಯವನು ಅವನು. ಅವನನ್ನು ಇಷ್ಟು ದಿನ ಬಾಗಿಲ ಹೊರಗೇ ನಿಲ್ಲಿಸಿ ಪದ್ಯ ಒಪ್ಪಿಸಿ ಕಳಿಸುತ್ತಿದ್ದೆನಲ್ಲ!

ಅದಕ್ಕೇ ನಿಮ್ಮ ಹತ್ತಿರ ಬರುತ್ತಿದ್ದೇನೆ. ಚರ್ಚಿಗೆ ಕರೆದೊಯ್ಯಲು ಅಲ್ಲ, ಗಾಬರಿಯಾಗಬೇಡಿ. ಅತ್ತೆ ಬೇಯಿಸದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತಾರೆ. ನಮ್ಮ ಅಡುಗೆಮನೆಯ ಆ ಹಳೆಯ ಓವನ್ನಿನಲ್ಲಿ ನಾನೇ ಇಡುತ್ತೇನೆ. ಅದು ಬೇಯುವಷ್ಟು ಹೊತ್ತು ಮೇಜಿನ ಹತ್ತಿರ ನನ್ನ ಜೊತೆ ಕೂರಿ. ಏನೂ ಹೇಳಬೇಡಿ. ಬೈಯಬೇಕೆನಿಸಿದರೆ ಬೈಯಿರಿ, ಅವನಿಗೆ ಅಭ್ಯಾಸವಿದೆ. ಬರೀ ಎದ್ದು ಹೋಗಬೇಡಿ ಅಪ್ಪ.

ಎರಡೂ ಕೆನ್ನೆಗೆ ಮೈದಾ ಮುತ್ತುಗಳೊಂದಿಗೆ,

ನಿಮ್ಮ
ಬ್ಲ್ಯಾಕ್ ಫಾರೆಸ್ಟ್

ತಾ.ಕ.: ಬಾಲ್ಕನಿಯ ಗುಲಾಬಿ ಗಟ್ಟಿ ಜಾತಿಯದು, ಎಷ್ಟು ನೀರು ಹಾಕಿದರೂ ತಡೆಯುತ್ತದೆ ಎಂದು ನೀವು ಎಲ್ಲರಿಗೂ ಹೇಳುತ್ತಿದ್ದಿರಲ್ಲ? ಅದು ಬೇರು ಕೊಳೆತು ಎಷ್ಟೋ ಸಲ ಸತ್ತಿತ್ತು. ನೀವು ಅಂಗಡಿಗೆ ಹೋದಾಗ ಅಂಥದ್ದೇ ಹೊಸ ಗಿಡ ತಂದು ಅದೇ ಕುಂಡದಲ್ಲಿ ಇಡುತ್ತಿದ್ದವಳು ನಾನು. ಪ್ರಾರ್ಥನೆಯ ಹೊತ್ತಿಗೆ ಎದ್ದು ಹೋಗಲು ನಿಮಗೊಂದು ಜಾಗ ಬೇಕಿತ್ತು. ಈ ಸಲ ಗಿಡ ತರುವುದಿಲ್ಲ. ಶನಿವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.