ಲೇಸಿಲ್ಲದ ಚಪ್ಪಲಿ

ಮಾರ್ಚ್ ೯, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತಿನ ಹಾಕಿ ಪಂದ್ಯದಲ್ಲಿ ಎದುರು ತಂಡದವಳು ಬೇಕೆಂದೇ ನಮ್ಮ ನಾಯಕಿಯ ಮೊಣಕಾಲಿಗೆ ಸ್ಟಿಕ್ ಬೀಸಿದಳು. ಅಂಪೈರ್ ನೋಡಿಯೂ ಸುಮ್ಮನಿದ್ದ. ಸಿಟ್ಟು ಬಂದರೆ ಬಗ್ಗಿ ಶೂ ಲೇಸು ಬಿಚ್ಚಿ ಕಟ್ಟಿ ಎಂದು ಹುಡುಗಿಯರಿಗೆ ಆರು ವರ್ಷದಿಂದ ಕಲಿಸುತ್ತಿರುವವಳು ನಾನು. ನಮ್ಮ ನಾಯಕಿ ಆ ನೋವಿನಲ್ಲೂ ಬಗ್ಗಿ ಲೇಸು ಕಟ್ಟಿದಳು. ನಾನು ಮೈದಾನಕ್ಕೆ ನುಗ್ಗಿ, "ಕಣ್ಣೇನು ಮನೇಲಿ ಬಿಟ್ಟು ಬಂದಿದೀರಾ?" ಎಂದು ಕೂಗಿ ಅಂಪೈರ್ ಕಡೆಗೆ ನೀರಿನ ಬಾಟಲಿ ಎಸೆದೆ.

"ಮೇಡಂ, ಲೇಸು ಕಟ್ಕೊಳ್ಳಿ," ಎಂದಳು ನಾಯಕಿ ಮೆಲ್ಲಗೆ.

"ನಾನು ಹಾಕಿರೋದು ಚಪ್ಪಲಿ ಕಣೇ."

ಯಾರೂ ನಗಲಿಲ್ಲ.

ಮುಂದಿನ ಎರಡು ಪಂದ್ಯಕ್ಕೆ ನಾನು ಹೊರಗೆ. ಅದು ನ್ಯಾಯವೇ. ಆದರೆ ಬಾಟಲಿ ಕೈಬಿಟ್ಟ ಗಳಿಗೆ ಎಷ್ಟು ಹಾಯೆನಿಸಿತು! ಆ ಹಾಯನ್ನು ನನ್ನ ಮುಖದಲ್ಲಿ ನಾಯಕಿ ನೋಡಿದ್ದಾಳೆ. ಸೋಮವಾರ ಯಾವ ಮುಖ ಹೊತ್ತು ಹುಡುಗಿಯರಿಗೆ ಲೇಸಿನ ಪಾಠ ಹೇಳಲಿ?